ವಿಜಯನಗರ ಯಾವ ಕಡೆ ಬಂತ್ರೀ?

2014ರ ನವೆಂಬರ್ 1ರಂದು ನಮ್ಮೂರಿಗೆ ಹೊಸ ಹೆಸರು ಬಂತು. ಬಳ್ಳಾರಿ ಅಂತ. ಅದಕ್ಕೂ ಮುಂಚೆ ಏನಿತ್ತು ಅಂದಿರಾ? ಬಳ್ಳಾರಿ. ಇಂಗ್ಲಿಷಿನ ಎರಡು ಅಕ್ಷರ ತಿದ್ದೋದಕ್ಕೆ ದಿಲ್ಲಿಯ ಗೃಹ ಸಚಿವಾಲಯ ಅಸ್ತು ಅನ್ನಬೇಕಾಯಿತು. ಕನ್ನಡದ ಬೋರ್ಡು ಬರೆಯುವವನಿಗೆ ಮಾತ್ರ ಅವತ್ತು ಕೆಲಸವೇ ಇರಲಿಲ್ಲ.

ಈ ಕೆಲಸವನ್ನು ಊರಿನ ಜನ ಬಾಯಲ್ಲೇ ಮಾಡಿ ಮುಗಿಸುತ್ತಾರೆ. ಬ್ರಿಟಿಷರ ಕಾಲದ ಇಬ್ಬರು ಅಧಿಕಾರಿಗಳಿಂದ ಬ್ರೂಸ್‌ಪೇಟೆ, ಮಿಲ್ಲರ್‌ಪೇಟೆ ಹುಟ್ಟಿದವು. ಎರಡನೆಯ ದೊರೆ ಮಿಲ್ಲರ್ ಅಲ್ಲವೇ ಅಲ್ಲ, ಮೆಲ್ಲರ್! ಕಡತವಿಲ್ಲ, ಸಮಿತಿಯಿಲ್ಲ, ಟಿಎ ಡಿಎ ಇಲ್ಲ, ಬಿಳಿ ದೊರೆಯ ಹೆಸರೇ ಬದಲಾಯಿತು. ಇನ್ನು ಬೋರ್ಡಿನ ಮೇಲೆ ಗಡಗಿ ಚನ್ನಪ್ಪ ವೃತ್ತ ಎಂದಿರುವಲ್ಲಿಗೆ ಆಟೋದವರು ಇವತ್ತಿಗೂ ರಾಯಲ್ ಸರ್ಕಲ್ ಅಂತಲೇ ಕೂಗಿ ಜನ ಹತ್ತಿಸಿಕೊಳ್ಳುತ್ತಾರೆ.

ಆದರೆ ಸರ್ಕಾರದ ನಿಜವಾದ ಕೈಚಳಕ ನೋಡಬೇಕಾದರೆ 2021ಕ್ಕೆ ಬರಬೇಕು. ಬಳ್ಳಾರಿ ಜಿಲ್ಲೆ ಎರಡು ಪಾಲಾಯಿತು. ಹೊಸಪೇಟೆಯವರ ಹೊಸ ಜಿಲ್ಲೆಗೆ ವಿಜಯನಗರ ಎಂಬ ಹೆಸರು ಹೋಯಿತು, ಹಂಪಿಯೂ ತುಂಗಭದ್ರಾ ಡ್ಯಾಮೂ ಹೋದವು. ಸರಿ, ಅಣ್ತಮ್ಮರ ಪಾಲು ಅಂದಮೇಲೆ ಹಿಂಗೇ. ಆದರೆ ಹೆಸರು ಹೊತ್ತ ಸಾಮಾನೆಲ್ಲ ನಮ್ಮನೆಯಲ್ಲೇ ಉಳಿದುಬಿಟ್ಟಿದೆ! ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇರುವುದು ಬಳ್ಳಾರಿಯಲ್ಲಿ. ಜಿಂದಾಲ್‌ನವರ ವಿಜಯನಗರ ಕಾರ್ಖಾನೆ ಇರುವ ತೋರಣಗಲ್ಲು ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನದು. ಹೀಗಾಗಿ ವಿಜಯನಗರದ ಉಕ್ಕಿನ ಹೊಗೆಯನ್ನು ಬಳ್ಳಾರಿ ಜಿಲ್ಲೆಯವರು ಕುಡಿಯಬೇಕು. ವಿಮ್ಸ್ ಎಂದೇ ಹೆಸರಾದ ವಿಜಯನಗರ ವೈದ್ಯಕೀಯ ಸಂಸ್ಥೆಗೆ ಮಾತ್ರ ಯಾರಿಗೋ ಜ್ಞಾನೋದಯವಾಗಿ ಬಳ್ಳಾರಿ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಕೇಂದ್ರ ಎಂದು ನಾಮಕರಣವಾಯಿತು. ನೋವು ಬಂದವರು ಅಷ್ಟುದ್ದ ಹೇಳಲಾರದೆ ‘ವಿಮ್ಸ್‌ಗೆ ನಡಿಯಪ್ಪಾ’ ಅಂತಾರೆ.

ನನ್ನ ಸಲಹೆ ಇಷ್ಟೆ: ನಾಮಕರಣ ಪ್ರಾಧಿಕಾರವೊಂದು ಆಗಲಿ, ಅಧ್ಯಕ್ಷರಿಗೆ ಕೆಂಪು ಗೂಟದ ಕಾರು ಕೊಡಲಿ. ಮೊದಲ ಸಭೆಯ ಅಜೆಂಡಾ, ಪ್ರಾಧಿಕಾರದ್ದೇ ಹೆಸರು ಬದಲಾವಣೆ. ಸಭೆ ಯಾವ ಜಿಲ್ಲೆಯಲ್ಲಿ ಅನ್ನೋದನ್ನ ಆಮೇಲೆ ಜಗಳಾಡಿ ತೀರ್ಮಾನಿಸಬಹುದು. ಅಲ್ಲಿಯವರೆಗೆ ಹೊರಗಿನವರು ಬಳ್ಳಾರಿ ಸ್ಟೇಷನ್ನಿನಲ್ಲಿ ಇಳಿದು ‘ವಿಜಯನಗರಕ್ಕೆ ಬರ್ತೀಯೇನಪ್ಪಾ?’ ಅಂದರೆ ಆಟೋದವನು ಬೀಡಿ ಬಿಸಾಕಿ ಕೇಳುವುದು:

‘ಯಾವುದಕ್ಕ್ರೀ ಸರ್? ಓದೋದಕ್ಕೋ, ಫ್ಯಾಕ್ಟ್ರಿಗೋ? ಜಿಲ್ಲಾಕ್ಕಾದ್ರೆ ವಾಪಸ್ ಟ್ರೇನ್ ಹತ್ರಿ.’