ಬೈ-ಇನ್ ಅದೇ ಇರಲಿ, ಬ್ಲೈಂಡ್ ಇಳಿಸಿ

ಮನೆಯ ಪೋಕರ್ ಆಟಕ್ಕೆ 5-10 ಬ್ಲೈಂಡ್ (ಎಲೆ ಹಂಚುವ ಮೊದಲೇ ಇಬ್ಬರು ಇಡಲೇಬೇಕಾದ ಸಣ್ಣ, ದೊಡ್ಡ ಪಣ), 200 ಬೈ-ಇನ್ (ಆಟಕ್ಕೆ ಕೂರುವಾಗ ಒಬ್ಬೊಬ್ಬರ ಕೈಯಲ್ಲಿರುವ ಮೊತ್ತ) ಸಾಕು ಎಂದು ಬರೆದಿದ್ದೀರಿ. ದಯವಿಟ್ಟು ಬದಲಿಸಿ. ಅದು ಬರೀ 20 ದೊಡ್ಡ ಬ್ಲೈಂಡ್. ಒಬ್ಬರು 30ಕ್ಕೆ ಏರಿಸಿ ಇನ್ನಿಬ್ಬರು ಸೇರಿದರೆ ನಡುವಿನ ಪಣದ ರಾಶಿಯಲ್ಲಿ ಕಡಿಮೆಯೆಂದರೂ 90. ಎಲ್ಲರಿಗೂ ಸೇರಿದ ಮೂರು ಎಲೆ ಬಿಚ್ಚಿ ಎರಡು ಬೆಟ್ ಕಟ್ಟುವಷ್ಟರಲ್ಲಿ ಕೈ ಖಾಲಿ.

ಕುಂಬಳೆಯ ನಮ್ಮ ಜಗಲಿಯಲ್ಲಿ ಹುಣಸೆ ಬೀಜ ಇಟ್ಟು ಆಡುತ್ತೇವೆ, ದುಡ್ಡಿಲ್ಲ. ಮೊದಲು ನಾವೂ 5-10 ಇಟ್ಟಿದ್ದೆವು. ಹೊಸದಾಗಿ ಕಲಿಯುತ್ತಿದ್ದ ಭಾವ ಮೂರನೇ ಆಟಕ್ಕೇ ಎಲ್ಲ ಕಳೆದುಕೊಂಡು, ಚಾ ಲೋಟ ಹಿಡಿದು ಸುಮ್ನೆ ನೋಡುತ್ತಾ ಕೂತರು. ತುಂಬಾ ಬೇಜಾರಾಯಿತು. ಈಗ ಬೀಜ ಅದೇ 200, ಬ್ಲೈಂಡ್ ಮಾತ್ರ 1-2. ಕೈಯಲ್ಲಿ ನೂರು ದೊಡ್ಡ ಬ್ಲೈಂಡ್ ಇದ್ದರೆ ಯೋಚಿಸಿ ಆಡಬಹುದು, ಅಲ್ವಾ? ಖಾಲಿಯಾದವರು ಮತ್ತೆ ಬೀಜ ತೆಗೆದುಕೊಳ್ಳುವುದು ಎರಡೇ ಸಲ. ಭಾವ ಈಗ ಊಟದ ಹೊತ್ತಿನವರೆಗೂ ಆಟದಲ್ಲಿರುತ್ತಾರೆ.