ಹತ್ತಿಯ ಲೆಕ್ಕದಲ್ಲಿ ನೀರು ಎಲ್ಲಿ?

ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದದ್ದನ್ನಷ್ಟೇ ನಾವು ಬಳಕೆ ಅಂತೇವೆ. ಅದು ಅಂಗಡಿಗೆ ಬರುವ ಮೊದಲು ಹೊಲದಲ್ಲಿ, ಮಿಲ್ಲಿನಲ್ಲಿ ಖರ್ಚಾಗಿ ಹೋದದ್ದು ಯಾರ ಬಳಕೆ? ಅದೂ ಕೊಂಡವರದ್ದೇ ಅಂತ ನಾನು ಗಟ್ಟಿಯಾಗಿ ಹೇಳ್ತೇನೆ.

ಸೀಸನ್ನಿನಲ್ಲಿ ಹುಬ್ಬಳ್ಳಿ ಕಡೆ ಹತ್ತಿಯಿಂದ ಕಾಳು ಬೇರೆ ಮಾಡುವ ಒಂದು ಜಿನ್ನಿಂಗ್ ಮಿಲ್ಲಿಗೆ ಹೋಗಿ ನಿಂತು ನೋಡಿ. ಹಾಕಿದ ಹತ್ತಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಅರಳೆ, ಉಳಿದದ್ದು ಬಹುಪಾಲು ಕಾಳು. ಅರಳೆ ನೂಲಿಗೆ, ಕಾಳು ಎಣ್ಣೆಗೆ, ಎಣ್ಣೆ ತೆಗೆದ ಹಿಂಡಿ ಎಮ್ಮೆಗೆ. ಏನೂ ದಂಡ ಆಗುವುದಿಲ್ಲ. ಮಿಲ್ಲಿನವರು ಕೊಂಡ ಹತ್ತಿಯನ್ನು ಅರ್ಥಶಾಸ್ತ್ರ ಮಧ್ಯಂತರ ಬಳಕೆ ಎನ್ನುತ್ತದೆ. ಅದರ ಬೆಲೆ ಕೊನೆಗೆ ಅಂಗಿಯ ಬೆಲೆಯೊಳಗೇ ಸೇರಿರುತ್ತದೆ, ಬೇರೆಯಾಗಿ ಎಣಿಸಿದರೆ ಎರಡು ಸಲ ಎಣಿಸಿದಂತಾಗುತ್ತದೆ, ಅದಕ್ಕೇ ದೇಶದ ಒಟ್ಟು ಉತ್ಪನ್ನದ (ಜಿಡಿಪಿ) ಲೆಕ್ಕ ಹಾಕುವಾಗ ಕಳೆದುಬಿಡುತ್ತಾರೆ. ಇಲ್ಲಿತನಕ ಸರಿ.

ನನ್ನ ತಕರಾರು ನೀರಿನದು. ಜಗತ್ತಿನ ಸರಾಸರಿಯಲ್ಲಿ ಒಂದು ಕಿಲೋ ಹತ್ತಿ ಬಟ್ಟೆಯ ಹಿಂದೆ ಸುಮಾರು 10,000 ಲೀಟರ್ ನೀರು ಇರುತ್ತದೆ, ಮಳೆನೀರೂ ಸೇರಿ. ನಮ್ಮ ಎರೆ ಹೊಲದ ಜಯಧರ ಹತ್ತಿ ಮಳೆಯನ್ನೇ ನಂಬಿ ಬೆಳೆದದ್ದು, ಅದರ ಮೇಲೆ ನನ್ನ ದೂರಿಲ್ಲ. ಆದರೆ ಬೋರ್‌ವೆಲ್ ನೀರಲ್ಲಿ ಬೆಳೆದ ಹತ್ತಿ, ಮೆಣಸಿನಕಾಯಿ? ಮಿಲ್ಲಿನ ಯಂತ್ರ ಸವೆದರೆ ಸವಕಳಿ ಅಂತ ಬರೆದು ಜಿಡಿಪಿಯಿಂದ ಕಳೆಯುತ್ತಾರೆ, ಉಳಿದದ್ದಕ್ಕೆ ನಿವ್ವಳ ಉತ್ಪನ್ನ ಎನ್ನುತ್ತಾರೆ. ಅಂತರ್ಜಲ ಇಳಿದರೆ ಇಷ್ಟು ವರ್ಷ ಯಾರೂ ಕಳೆದಿಲ್ಲ. ಇನ್ನೂ ಆಳಕ್ಕೆ ಹೊಸ ಬೋರ್ ಕೊರೆಸಿದರೆ ಆ ಖರ್ಚು ಹೂಡಿಕೆಯಾಗಿ ಜಿಡಿಪಿಗೆ ಸೇರುತ್ತದೆ. ಅಂದರೆ ನೀರು ಕಳೆದುಕೊಂಡದ್ದಕ್ಕೆ ಬೆಳವಣಿಗೆಯ ಅಂಕ! ಸಾಲ ಮಾತ್ರ ರೈತನ ತಲೆ ಮೇಲೆ.

2025ರಲ್ಲಿ ವಿಶ್ವಸಂಸ್ಥೆಯಲ್ಲಿ ಒಪ್ಪಿದ ಹೊಸ ಲೆಕ್ಕದ ಪದ್ಧತಿ ನೈಸರ್ಗಿಕ ಸಂಪತ್ತು ಬರಿದಾಗುವುದನ್ನೂ ಉತ್ಪಾದನೆಯ ಖರ್ಚು ಎಂದೇ ಹಿಡಿಯುತ್ತದೆ. ತಡವಾದರೂ ಒಳ್ಳೆಯದಾಯ್ತು. ಆದರೂ ಕಳೆಯುವುದು ನಿವ್ವಳ ಲೆಕ್ಕದಲ್ಲಿ, ಪೇಪರಿನಲ್ಲಿ ದೊಡ್ಡದಾಗಿ ಬರುವ ಜಿಡಿಪಿ ಮೊದಲಿನಂತೆಯೇ ಉಬ್ಬಿರುತ್ತದೆ.

ಡ್ರಿಪ್ ಹಾಕಿದರೆ ಆಯ್ತಲ್ವಾ ಅಂತ ಕೇಳುವವರಿದ್ದಾರೆ. ಡ್ರಿಪ್ ಬೇಕು, ಖಂಡಿತ ಬೇಕು. ಆದರೆ ಉಳಿದ ನೀರಿನಲ್ಲಿ ಇನ್ನೆರಡು ಎಕರೆ ಜಾಸ್ತಿ ಹಚ್ಚಿದರೆ ಉಳಿತಾಯ ಎಲ್ಲಿ ಬಂತು? ಕಲ್ಲಿದ್ದಲಿನ ವಿಷಯದಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವೊನ್ಸ್ 1865ರಲ್ಲೇ ಇದನ್ನು ಬರೆದಿದ್ದ: ಯಂತ್ರ ಸುಧಾರಿಸಿ ಕಲ್ಲಿದ್ದಲು ಕಡಿಮೆ ಸಾಕಾಯಿತು, ಅದಕ್ಕೇ ಎಲ್ಲರೂ ಯಂತ್ರ ಇಟ್ಟರು, ಒಟ್ಟು ಸುಟ್ಟದ್ದು ಹೆಚ್ಚಾಯಿತು.

ನೀರಿಗೆ ಬೆಲೆ ಕಟ್ಟಿ ರೈತನ ಮೇಲೆ ಹೇರಿ ಅಂತ ನಾನು ಹೇಳ್ತಾ ಇಲ್ಲ. ಆ ಬೆಲೆ ಅಂಗಿಯ ಬಿಲ್ಲಿನಲ್ಲಿ ಬರಲಿ, ಬೆಳೆದವನಿಗೆ ಸಿಗಲಿ. ಅದಕ್ಕೆ ಮೊದಲು ಗದಗ, ಹಾವೇರಿ, ಧಾರವಾಡ ಜಿಲ್ಲೆಗಳ ಬೆಳೆ ವರದಿಯಲ್ಲಿ ಇಳುವರಿಯ ಪಕ್ಕದಲ್ಲೇ ಆ ವರ್ಷ ಅಂತರ್ಜಲ ಎಷ್ಟು ಇಳಿಯಿತು ಅಂತ ಒಂದು ಕಾಲಂ ಹಾಕಲಿ. ಅಳೆಯುವ ಬಾವಿಗಳು ಇಲಾಖೆಯವರ ಹತ್ತಿರ ಈಗಾಗಲೇ ಇವೆ.