ಟಿಎಂಪಿ ಫೋಲ್ಡರ್ ರ‍್ಯಾಮ್‌ನಲ್ಲಿ ಇರಬೇಕೇ?

ಪರ

ಈ ಚರ್ಚೆಯಲ್ಲಿ ಪರ ಪಕ್ಷ ನನ್ನ ಪಾಲಿಗೆ ಬಂದದ್ದು, ಮುಕ್ಕಾಲು ಭಾಗ ಒಪ್ಪುತ್ತೇನೆ. ಟಿಎಂಪಿ ಎಂದರೆ ಪ್ರೋಗ್ರಾಂಗಳು ತಾತ್ಕಾಲಿಕ ಫೈಲ್ ಇಡುವ ಫೋಲ್ಡರ್. ಅಂಥ ಫೈಲ್‌ಗೆ ಆಯುಸ್ಸು ಕಡಿಮೆ. ಅದನ್ನು ಡಿಸ್ಕ್‌ಗೆ ಬರೆದು ಆಮೇಲೆ ಅಳಿಸುವುದು ಸುಮ್ನೆ ದಂಡ. ಎಸ್‌ಎಸ್‌ಡಿಗೂ ಸವೆತ. ಟಿಎಂಪಿಎಫ್‌ಎಸ್‌ನಲ್ಲಿ, ಅಂದರೆ ಫೈಲನ್ನು ರ‍್ಯಾಮ್‌ನಲ್ಲೇ ಇಡುವ ವ್ಯವಸ್ಥೆಯಲ್ಲಿ, ಇಟ್ಟರೆ ರೀಬೂಟ್ ಆದಾಗ ಕಸ ತಾನಾಗಿ ಹೋಗುತ್ತದೆ. ರ‍್ಯಾಮ್ ಎಲ್ಲ ನುಂಗಿಬಿಡುತ್ತದೆ ಎಂಬ ಭಯವೂ ಬೇಡ. ಫೈಲ್ ಎಷ್ಟಿದೆಯೋ ಅಷ್ಟೇ ಜಾಗ ಹಿಡಿಯುತ್ತದೆ. ಲಿನಕ್ಸ್‌ನಲ್ಲಿ ಮಾಮೂಲಿ ಮಿತಿ ರ‍್ಯಾಮ್‌ನ ಅರ್ಧ, ಒತ್ತಡ ಬಂದರೆ ಸ್ವಾಪ್‌ಗೂ (ರ‍್ಯಾಮ್ ಸಾಲದಾದಾಗ ಬಳಸುವ ಡಿಸ್ಕ್ ಜಾಗ) ಹೋಗಬಲ್ಲದು. ಸೋಲಾರಿಸ್ ಎಂಬ ಆಪರೇಟಿಂಗ್ ಸಿಸ್ಟಂ 1990ರ ದಶಕದಿಂದಲೇ ಹೀಗೆ ನಡೆಸಿಕೊಂಡು ಬಂದಿದೆ. ಲಿನಕ್ಸ್ ಬಳಗದಲ್ಲಿ 2013ರಲ್ಲಿ ಫೆಡೋರಾ 18, 2025ರಲ್ಲಿ ಡೆಬಿಯನ್ 13 ಇದನ್ನೇ ಮಾಮೂಲಿ ಮಾಡಿಕೊಂಡವು. ಇಷ್ಟು ಜನ ತಪ್ಪಿರಲಾರರು ಅಲ್ವಾ? ದೊಡ್ಡ ಫೈಲ್ ಇರುವವರಿಗೆ ಡಿಸ್ಕ್‌ನಲ್ಲಿ /ವಾರ್/ಟಿಎಂಪಿ ಇದ್ದೇ ಇದೆ, ಅಲ್ಲಿ ಇಟ್ಟುಕೊಳ್ಳಲಿ.

ವಿರೋಧ

"ಅಲ್ಲಿ ಇಟ್ಟುಕೊಳ್ಳಲಿ" ಅಂತೆ! ಎಲ್ಲಿ ಬರೆಯಬೇಕು ಎಂದು ತೀರ್ಮಾನಿಸುವುದು ನಾನಲ್ಲ, ಪ್ರೋಗ್ರಾಂ. ಅದು ಯಾರನ್ನೂ ಕೇಳದೆ ಟಿಎಂಪಿಗೇ ಬರೆಯುತ್ತದೆ.

ಹಿಂದೆ ನಾನಿದ್ದ ಆಫೀಸಿನಲ್ಲಿ 8 ಜಿಬಿ ರ‍್ಯಾಮ್‌ನ ಸರ್ವರ್ ಒಂದಿತ್ತು. ರಾತ್ರಿ ಒಂದು ಭಾರಿ ಲಾಗ್ ಫೈಲನ್ನು ಸಾರ್ಟ್ ಮಾಡಲು ಹಾಕಿದ್ದರು. ಬೆಳಿಗ್ಗೆ ನೋಡಿದರೆ ಕೆಲಸ ನಿಂತಿದೆ, "ಜಾಗ ಇಲ್ಲ" ಎಂಬ ಸಂದೇಶ. ಡಿಸ್ಕ್ ನೋಡಿದರೆ ಅರ್ಧ ಖಾಲಿ. ಎಲ್ಲರೂ ಡಿಸ್ಕನ್ನೇ ಅನುಮಾನಿಸಿ ಬೆಳಗ್ಗೆಯೆಲ್ಲ ಕಳೆದರು. ತುಂಬಿದ್ದು ರ‍್ಯಾಮ್‌ನಲ್ಲಿದ್ದ 4 ಜಿಬಿಯ ಟಿಎಂಪಿ. ಯಾರೋ ಟಿಎಂಪಿಡಿರ್ (ತಾತ್ಕಾಲಿಕ ಫೈಲ್ ಎಲ್ಲಿ ಬರೆಯಬೇಕು ಎಂದು ಹೇಳುವ ಸೆಟ್ಟಿಂಗ್) ಬದಲಿಸಿ ಮತ್ತೆ ಓಡಿಸಿದರು, ಮಧ್ಯಾಹ್ನಕ್ಕೆ ಮುಗಿಯಿತು. ಸಾರ್ಟ್ ಪ್ರೋಗ್ರಾಂ ಟಿಎಂಪಿಗೆ ಬರೆಯುವುದೇ ರ‍್ಯಾಮ್ ಸಾಲದಾದಾಗ. ಆ ಟಿಎಂಪಿಯನ್ನೇ ರ‍್ಯಾಮ್‌ನಲ್ಲಿಟ್ಟರೆ ಅದು ಹೋಗುವುದೆಲ್ಲಿಗೆ?

ಎಸ್‌ಎಸ್‌ಡಿ ಸವೆತದ ಮಾತನ್ನೂ ಜಾಸ್ತಿ ಎಳೆಯಬೇಡಿ. ಡಿಸ್ಕ್‌ನ ಫೈಲನ್ನೂ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಮೊದಲು ಮೆಮೊರಿಯಲ್ಲೇ ಇಟ್ಟುಕೊಂಡು, ಸ್ವಲ್ಪ ಹೊತ್ತು ಬಿಟ್ಟು ಬರೆಯುತ್ತದೆ. ಹುಟ್ಟಿ ಕೆಲವೇ ಸೆಕೆಂಡಿನಲ್ಲಿ ಅಳಿಯುವ ಫೈಲ್‌ನ ಒಳಗಿನದು ಎಷ್ಟೋ ಸಲ ಡಿಸ್ಕ್ ಮುಟ್ಟುವುದೇ ಇಲ್ಲ.

ಇನ್ನು ರ‍್ಯಾಮ್ ಮುಗಿದರೆ? ಕರ್ನಲ್ ಯಾವುದೋ ಪ್ರೋಗ್ರಾಂ ಕೊಲ್ಲುತ್ತದೆ. ಅದು ಟಿಎಂಪಿಯಲ್ಲಿ ಬಿಟ್ಟ ಫೈಲ್ ಮಾತ್ರ ಜಾಗ ಹಿಡಿದು ಅಲ್ಲೇ ಕೂತಿರುತ್ತದೆ. ರೀಬೂಟ್ ಆದರೆ ಎಲ್ಲ ಸ್ವಚ್ಛ ಎನ್ನುವವರು ತಿಂಗಳುಗಟ್ಟಲೆ ನಿಲ್ಲದೆ ಓಡುವ ಸರ್ವರ್ ನೋಡಿಲ್ಲ ಅನ್ನಿಸುತ್ತದೆ.

ಜನ ಒಪ್ಪಿದ್ದಾರೆ ಎನ್ನುವುದೂ ಒಂದು ಕಾರಣವೇ? ಅದೇ ಡೆಬಿಯನ್ 13ರಲ್ಲಿ ಟಿಎಂಪಿಯನ್ನು ರ‍್ಯಾಮ್‌ನಲ್ಲಿ ಕೂರಿಸುವ ಟಿಎಂಪಿ.ಮೌಂಟ್ ಅನ್ನು ಮಾಸ್ಕ್ ಮಾಡಿ, ಅಂದರೆ ಓಡದಂತೆ ತಡೆದು, ರೀಬೂಟ್ ಮಾಡಿದರೆ ಟಿಎಂಪಿ ಮತ್ತೆ ಡಿಸ್ಕ್‌ಗೆ ಬರುತ್ತದೆ. ಹೊಸ ಸರ್ವರ್ ಬಂದರೆ ನಾನು ಮೊದಲು ಮಾಡುವ ಕೆಲಸ ಇದೇ.